ಮೂಗುಬೊಟ್ಟಿನ ಹೂವಿಗೆ ನೀರೆರೆದವರು

ಸಸಿಗೆ ನೀರೆರೆದು ಸಮಾರಂಭ ಉದ್ಘಾಟಿಸುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಶುರು ಮಾಡಿದನೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕರೆ ಅವನನ್ನು ಎರಡು ಮಾತು ಕೇಳುವುದಿದೆ. ಚಳ್ಳಕೆರೆಯ ಈ ಕಾಲೇಜಿನಲ್ಲಿ ನಾನು ಅಟೆಂಡರ್ ಆಗಿ ಇಪ್ಪತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ವೇದಿಕೆಗೆ ಸಸಿ ಹೊತ್ತು ತಂದವಳೂ ನಾನೇ, ಆಮೇಲೆ ಅದರ ಹೆಣ ಹೊತ್ತು ಹಾಕಿದವಳೂ ನಾನೇ. ಐದು ಜನ ದೊಡ್ಡವರು ಸಾಲಾಗಿ ನಿಂತು, ಕ್ಯಾಮೆರಾ ನೋಡಿಕೊಂಡು, ಅಂಗೈಯಗಲದ ಕುಂಡಕ್ಕೆ ಐದು ಸಲ ನೀರು ಸುರಿಯುತ್ತಾರೆ. ಸಮಾರಂಭ ಮುಗಿದ ಮೇಲೆ ಅದೇ ಸಸಿ ವೇದಿಕೆಯ ಹಿಂದೆ, ಮುರಿದ ಕುರ್ಚಿಗಳ ಪಕ್ಕದಲ್ಲಿ, ಒಂದು ಹನಿ ನೀರಿಲ್ಲದೆ ಒಣಗಿ ಕಡ್ಡಿಯಾಗುತ್ತದೆ. ಪರಿಸರ ಉಳಿಸಿ ಎಂದು ಮೈಕಿನಲ್ಲಿ ಕೂಗಿದವರಲ್ಲಿ ಒಬ್ಬರಾದರೂ ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ.

ನನ್ನ ಹೆಸರು ಬೋರಕ್ಕ. ಸಸ್ಯಶಾಸ್ತ್ರ ವಿಭಾಗದ ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ. ಬೋರಕ್ಕನ ಬಾಯಿ ಜೋರು ಎಂದು ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಬಾಯಿದ್ದವರು ಬರಗಾಲದಲ್ಲೂ ಬದುಕಿದರಂತೆ. ಹೋದ ವರ್ಷ ಸೆಪ್ಟೆಂಬರಿನಲ್ಲಿ ಮಾತ್ರ, ಬಾಯಿ ಮಾಡಲೇಬೇಕಾದ ಹೊತ್ತಿನಲ್ಲಿ, ಒಬ್ಬರ ಮಾತು ನಂಬಿ ಸುಮ್ಮನಾಗಿಬಿಟ್ಟೆ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ನಾನು ಹುಟ್ಟಿದ್ದು ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರದಲ್ಲಿ. ಊರಾಚೆ ಗುಡ್ಡದ ಬುಡದಲ್ಲಿ ಒಂದು ಹಾಸುಬಂಡೆ ಇತ್ತು, ನಾಲ್ಕು ಕಣ ಮಾಡುವಷ್ಟು ಅಗಲ. ಮಳೆ ಹಿಡಿಯಿತೆಂದರೆ ಮೇಲಿನ ಬಿರುಕಿನಿಂದ ನೀರು ಒಸರಿ ಬಂಡೆಯ ಮೇಲೆ ಉಗುರಿನಷ್ಟು ತೆಳ್ಳಗೆ ಹರಡಿಕೊಳ್ಳುತ್ತಿತ್ತು. ಆ ಒದ್ದೆಯಲ್ಲಿ, ಒಂದು ಹಿಡಿ ಮಣ್ಣೂ ಇಲ್ಲದ ಕಡೆ, ದಾರದಂಥ ಕಡ್ಡಿಯ ತುದಿಗೆ ನೀಲಿ ಹೂ ಬಿಡುತ್ತಿತ್ತು. ಹೂವೆಂದರೆ ಎಷ್ಟು? ಜೋಳದ ಕಾಳಿನಷ್ಟು. ಮೇಕೆ ಕಾಯುವ ಹುಡುಗಿಯರಾದ ನಾವು ಅದನ್ನು ಕಿತ್ತು, ಎಂಜಲು ಹಚ್ಚಿ ಮೂಗಿನ ಪಕ್ಕಕ್ಕೆ ಅಂಟಿಸಿಕೊಂಡು, ಮದುವೆ ಹೆಣ್ಣುಗಳ ಹಾಗೆ ತಲೆ ತಗ್ಗಿಸಿ ಓಡಾಡುತ್ತಿದ್ದೆವು. ನಮ್ಮವ್ವ ಲಕ್ಷ್ಮಕ್ಕ ಅದನ್ನು ಮೂಗುಬೊಟ್ಟಿನ ಹೂ ಎನ್ನುತ್ತಿದ್ದಳು. ಚಿನ್ನದ ಮೂಗುಬೊಟ್ಟು ನಮ್ಮ ಯಾರ ಮನೆಯಲ್ಲೂ ಇರಲಿಲ್ಲ. ಇದಿತ್ತು.

ಐದು ವರ್ಷದ ಹಿಂದೆ ಶಿಲ್ಪಾ ಮೇಡಂ ನಮ್ಮ ವಿಭಾಗಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದರು. ಚಳ್ಳಕೆರೆಯವರೇ, ಮೆತ್ತಗಿನ ಮಾತಿನವರು. ಒಂದು ದಿನ ಪರದೆಯ ಮೇಲೆ ಹುಳ ತಿನ್ನುವ ಗಿಡಗಳ ಚಿತ್ರ ತೋರಿಸಿ ಪಾಠ ಮಾಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, ಒಂದು ಚಿತ್ರ ಬಂದದ್ದೇ, "ಅಯ್ಯೋ, ಇದು ನಮ್ಮ ಮೂಗುಬೊಟ್ಟು!" ಎಂದು ಕೂಗಿಬಿಟ್ಟೆ. ಮಕ್ಕಳೆಲ್ಲ ನಕ್ಕರು. ಮೇಡಂ ನಗಲಿಲ್ಲ. ಆ ನವೆಂಬರಿನಲ್ಲೇ ನನ್ನ ಜೊತೆ ಬಸ್ಸು ಹತ್ತಿ ಸಿದ್ದಾಪುರಕ್ಕೆ ಬಂದರು. ಹಾಸುಬಂಡೆಯ ಮೇಲೆ ಬೋರಲು ಮಲಗುವುದೊಂದು ಬಾಕಿ, ಮೊಣಕಾಲೂರಿ, ಭೂತಗನ್ನಡಿ ಹಿಡಿದು ಎರಡು ಗಂಟೆ ನೋಡಿದರು.

"ಬೋರಕ್ಕ, ಇದು ಎಲ್ಲಾ ಕಡೆ ಸಿಗೋದಲ್ಲ ಕಣ್ರಿ" ಎಂದರು. "ಹೂವಿನ ಬಾಲ ನೋಡ್ರಿ, ಬೇರೆ ಥರ ಐತೆ. ನಂಗೆ ಅನುಮಾನ, ಇದು ಭಾಳ ಅಪರೂಪದ್ದು. ಮುಂದಿನ ವರ್ಷ ಮತ್ತೆ ಬಂದು, ಹೂವು, ಬೀಜ ಎಲ್ಲಾ ಸರಿಯಾಗಿ ನೋಡಿ ನಮ್ಮ ಗುರುಗಳಿಗೆ ಕಳಿಸ್ತೀನಿ."

ಒಂದು ಗಿಡವನ್ನು ಲ್ಯಾಬಿಗೆ ತಂದು ಮೈಕ್ರೋಸ್ಕೋಪಿನಲ್ಲಿ ನನಗೂ ತೋರಿಸಿದರು. ಆ ಗಿಡಕ್ಕೆ ಬೇರೇ ಇಲ್ಲ. ಮರಳಿನೊಳಗೆ ಕೂದಲಿನಂಥ ಎಳೆಗಳು, ಎಳೆಗಳ ಮೇಲೆ ಗಸಗಸೆಗಿಂತ ಸಣ್ಣ ಗುಳ್ಳೆಗಳು. ಪ್ರತಿ ಗುಳ್ಳೆಗೂ ಒಂದು ಬಾಗಿಲು. ನೀರಿನ ಹುಳ ಬಂದು ಬಾಗಿಲ ಕೂದಲು ಮುಟ್ಟಿದರೆ ಸಾಕು, ಗುಳ್ಳೆ ಗುಟುಕ್ಕನೆ ನೀರಿನ ಸಮೇತ ಒಳಗೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಬಂಡೆಯ ಮೇಲೆ ತಿನ್ನಲು ಏನೂ ಇಲ್ಲವಲ್ಲ, ಪಾಪ, ಹಾಗೆ ಬದುಕು ಕಟ್ಟಿಕೊಂಡಿದೆ. ನಲವತ್ತು ವರ್ಷ ಅದನ್ನು ಕಂಡಿದ್ದೆ, ಅದರ ಸಂಸಾರ ಇಂಥದ್ದೆಂದು ಗೊತ್ತಿರಲಿಲ್ಲ. ಅವತ್ತು ನನಗೆ ಅದರ ಮೇಲೆ ಗೌರವ ಬಂತು.

ಮುಂದಿನ ವರ್ಷ ಡಿಸೆಂಬರಿನಲ್ಲಿ ಊರಿನಿಂದ ತಮ್ಮನ ಫೋನು ಬಂತು. "ಅಕ್ಕ, ಹಾಸುಬಂಡೆ ಮ್ಯಾಲೆ ಕಾಂಕ್ರೀಟ್ ಹಾಕ್ತಾವ್ರೆ."

ವೀರೇಶ್ ಎಂಬ ಕಾಂಟ್ರ್ಯಾಕ್ಟರ್, ಜನ ಬಂದು ಕೂತು ಫೋಟೋ ತೆಗೆಸಿಕೊಳ್ಳಲಿ ಎಂದು ಅಲ್ಲೊಂದು ವಿಹಾರ ತಾಣ ಮಾಡಿಸುತ್ತಿದ್ದರು. ನಾಲ್ಕು ಬೆಂಚು, ಒಂದು ತಗಡಿನ ಚಪ್ಪರ, ಗ್ರಾನೈಟಿನ ಮೇಲೆ ಅವರ ಹೆಸರು. ಬಂಡೆಯ ಮೇಲೆ ಕಾಂಕ್ರೀಟು ಅಂದರೆ ಏನು ಹೇಳಲಿ! ದೇವರು ಹಾಸಿದ ಬಂಡೆಗಿಂತ ಗಟ್ಟಿ ನೆಲವನ್ನು ಯಾವ ಮೇಸ್ತ್ರಿ ಹಾಸಬಲ್ಲ? ಮೇಡಂ ಮತ್ತು ನಾನು ಓಡಿಹೋದಾಗ ಮುಕ್ಕಾಲು ಬಂಡೆ ಮುಚ್ಚಿತ್ತು. ಉಳಿದ ಕಾಲು ಭಾಗದಲ್ಲಿ ಒಣಗಿ ನಿಂತಿದ್ದ ಕಡ್ಡಿಗಳನ್ನು ಒಂದೊಂದಾಗಿ ಬಿಡಿಸಿ, ಕಾಗದದ ಮೇಲೆ ಕೊಡವಿ, ಒಂದು ಮಾತ್ರೆ ಡಬ್ಬಿಯ ತಳಕ್ಕೆ ಬೀಜ ತುಂಬಿಕೊಂಡೆವು. ಬೀಜ ಅಂದರೆ ದೂಳು. ಸೀನಿದರೆ ಹಾರಿಹೋಗುವಂಥದ್ದು. ಹಾಗೆಯೇ ಬಂಡೆ ಬಿರುಕಿನ ಹರಳು ಮರಳನ್ನು ಒಂದು ಚೀಲ ಕೆರೆದು ತಂದೆವು. ಮುಂದಿನ ವಾರ ಉಳಿದ ಕಾಲು ಭಾಗವೂ ಮುಚ್ಚಿಹೋಯಿತು. ಸುತ್ತಮುತ್ತಲ ಗುಡ್ಡಗಳನ್ನೆಲ್ಲ ಮೇಡಂ ಎರಡು ಮಳೆಗಾಲ ತಿರುಗಿದರು. ಆ ಹೂ ಇನ್ನೆಲ್ಲೂ ಸಿಗಲಿಲ್ಲ.

ಮೊದಲ ವರ್ಷ ಮೇಡಂ ಪುಸ್ತಕ ನೋಡಿ, ಚಿಮಟದಲ್ಲಿ ಬೀಜ ಎತ್ತಿ ಬಿತ್ತಿದರು. ನೀರು ನಲ್ಲಿಯದ್ದು, ಅಂದರೆ ಬೋರಿನದ್ದು. ಈ ಸೀಮೆಯ ಬೋರಿನ ನೀರು ಕುಡಿದು ನಮ್ಮ ಹಲ್ಲೇ ಕಂದಾಗಿವೆ, ಅದರ ಗತಿ ಏನಾಗಬೇಕು? ಕುಂಡದ ಬಾಯಿಗೆ ಸುಣ್ಣ ಕಟ್ಟಿತೇ ಹೊರತು ಒಂದು ಚುಕ್ಕೆ ಹಸಿರು ಬರಲಿಲ್ಲ.

ಎರಡನೇ ವರ್ಷ ಬಂಡೆಯ ಮರಳು, ಫಿಲ್ಟರ್ ನೀರು. ಹಸಿರು ಚುಕ್ಕೆಗಳು ಬಂದವು. ನಾನು ಮೂರು ದಿನ ಊರಿಗೆ ಹೋಗಿದ್ದೆ. ಬರುವಷ್ಟರಲ್ಲಿ ನಮ್ಮ ತೋಟದ ಮಾಲಿ ಕ್ಯಾತಪ್ಪಣ್ಣ ಕುಂಡಕ್ಕೆ ಒಂದು ಹಿಡಿ ಕುರಿ ಗೊಬ್ಬರ ಹಾಕಿದ್ದ. ಚುಕ್ಕೆಗಳೆಲ್ಲ ಕರಗಿ ಪಾಚಿಯಾಗಿದ್ದವು. ನಾನು ಕಿರುಚಾಡಿದ ಕಿರುಚಾಟಕ್ಕೆ ಕಾಲೇಜು ಬಾಗಿಲಿಗೆ ಬಂತು.

"ಬರೀ ಮರಳಾಗೆ ಐತಲ್ಲ, ಹೊಟ್ಟೆಗಿಲ್ದೆ ಸಾಯ್ತೈತೆ ಅಂತ ಕರುಳು ಚುರುಕ್ ಅಂತು ಕಣವ್ವ" ಎಂದ ಕ್ಯಾತಪ್ಪಣ್ಣ, ಟವೆಲ್ಲು ಹಿಂಡುತ್ತಾ. "ಗಿಡಕ್ಕೆ ಗೊಬ್ರ ಹಾಕಿದ್ದು ತಪ್ಪು ಅಂತ ಯಾರಾನ ಬೈತಾರೇನೇ?"

ಅವನನ್ನು ಏನೆಂದು ಬೈಯಲಿ! ಉಪವಾಸವಿದ್ದೇ ಬದುಕುವ ಗಿಡ, ಊಟ ಹಾಕಿದರೆ ಸಾಯುತ್ತದೆ ಎಂದರೆ ಯಾವ ರೈತ ನಂಬುತ್ತಾನೆ? ಅವನ ಮೇಲಿನ ಸಿಟ್ಟು ಸಂಜೆಯೊಳಗೆ ಇಳಿಯಿತು.

ಮೂರನೇ ವರ್ಷಕ್ಕೆ ಡಬ್ಬಿಯಲ್ಲಿ ಉಳಿದದ್ದು ಅರ್ಧ ಚಿಟಿಕೆ. ಮೇಡಂ ಮತ್ತೆ ಚಿಮಟ ಕೈಗೆತ್ತಿಕೊಂಡರು. "ಮೇಡಂ, ಒಂದು ಸಲ ನನಗೆ ಬಿಡ್ರಿ" ಎಂದೆ.

ನಮ್ಮವ್ವನ ಕೈಗುಣ ಆ ಸೀಮೆಗೆಲ್ಲ ಗೊತ್ತು. ಎಳ್ಳು ಬಿತ್ತುವ ಕಾಲಕ್ಕೆ ಕೊಂಡ್ಲಹಳ್ಳಿಯಿಂದ, ಬಿ.ಜಿ. ಕೆರೆಯಿಂದ ಜನ ಬಂದು, "ಲಕ್ಷ್ಮಕ್ಕ, ಮೊದಲ್ನೇ ಹಿಡಿ ನೀನೇ ಚೆಲ್ಲು ಬಾರಮ್ಮ" ಎಂದು ಕರೆದುಕೊಂಡು ಹೋಗುತ್ತಿದ್ದರು. ಹೊಲ ಅವರದು, ಬೀಜ ಅವರದು, ಕೂಲಿಯವಳು ನಮ್ಮವ್ವ. ಆದರೂ ಮೊದಲ ಹಿಡಿ ಅವಳದೇ. ಎಳ್ಳಿನಂಥ ಸಣ್ಣ ಬೀಜವನ್ನು ಹಾಗೇ ಚೆಲ್ಲಿದರೆ ಒಂದೇ ಕಡೆ ಗುಪ್ಪೆಯಾಗುತ್ತದೆ. ಅದಕ್ಕೆ ಅವಳು ಒಂದು ಪಾಲು ಬೀಜಕ್ಕೆ ಹತ್ತು ಪಾಲು ಒಣ ಮರಳು ಬೆರೆಸಿ, ಮೂರೇ ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಉದುರಿಸುತ್ತಿದ್ದಳು. ನಾನೂ ಹಾಗೇ ಮಾಡಿದೆ. ಬಂಡೆಯ ಮರಳನ್ನು ಸೆರಗಿನಲ್ಲಿ ಜರಡಿ ಹಿಡಿದು, ಅರ್ಧ ಚಿಟಿಕೆ ದೂಳು ಬೆರೆಸಿ, ಒದ್ದೆ ಮರಳಿನ ಮೇಲೆ ಮೂರು ಬೆರಳಲ್ಲಿ ಉದುರಿಸಿದೆ. ಮೇಲೆ ಮಣ್ಣು ಮುಚ್ಚಲಿಲ್ಲ. ಕುಂಡವನ್ನು ಒಂದು ಸ್ಟೀಲ್ ಪರಾತದಲ್ಲಿ ಇಟ್ಟು, ಪರಾತಕ್ಕೆ ಮಾತ್ರ ಫಿಲ್ಟರ್ ನೀರು. ಬೇಕಾದಷ್ಟನ್ನು ಅದು ಕೆಳಗಿನಿಂದ ಕುಡಿಯಲಿ. ಮೇಲಿನಿಂದ ಒಂದು ಹನಿಯೂ ಬೀಳಕೂಡದು, ಬೇರಿಲ್ಲದ್ದು ತೇಲಿಹೋಗುತ್ತದೆ.

ಇಪ್ಪತ್ತಾರನೆಯ ದಿನ ಹಸಿರು ಬಂತು. ಆಗಸ್ಟ್ ಕೊನೆಗೆ ಕುಂಡದ ತುಂಬ ನವಣೆ ಕಾಳಿನಷ್ಟು ಎಲೆಗಳು. ಮೇಡಂ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು. ಡಬ್ಬಿಯಲ್ಲಿ ಬೀಜ ಮುಗಿದಿತ್ತು, ಬಂಡೆ ಕಾಂಕ್ರೀಟಿನ ಕೆಳಗಿತ್ತು. ನಮಗೆ ಗೊತ್ತಿದ್ದ ಮಟ್ಟಿಗೆ ಮೂಗುಬೊಟ್ಟಿನ ಹೂ ಅಂತ ಉಳಿದದ್ದು ಆ ಒಂದು ಕುಂಡದಲ್ಲಿ. ಅದು ಹೂ ಬಿಟ್ಟು ಬೀಜ ಕಟ್ಟಬೇಕು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಸೆಪ್ಟೆಂಬರಿನಲ್ಲಿ ಕಾಲೇಜಿಗೆ ವಿಚಾರ ಸಂಕಿರಣ ಬಂತು. ವಿಷಯ, ಒಣಸೀಮೆಯ ಜೀವವೈವಿಧ್ಯ. ಹಿಂದಿನ ದಿನ ಮಧ್ಯಾಹ್ನ ನಮ್ಮ ಪ್ರಿನ್ಸಿಪಾಲರು, ಮುರುಗೇಂದ್ರಪ್ಪನವರು, ಲ್ಯಾಬಿಗೆ ಬಂದರು. ಕೆಟ್ಟವರೇನಲ್ಲ. ಹೊಸದೇನಾದರೂ ಮಾಡಿ ಪೇಪರಿನಲ್ಲಿ ಬರಬೇಕೆಂಬ ಒಂದು ಚಟ ಮಾತ್ರ ಇದೆ.

"ಬೋರಕ್ಕ, ಈ ಸಲ ಗುಲಾಬಿ, ತುಳಸಿ ಎಲ್ಲಾ ಬ್ಯಾಡ. ಹುಳ ತಿನ್ನೋ ಗಿಡ ಐತಲ್ಲ, ಅದನ್ನೇ ವೇದಿಕೆಗೆ ಇಡಾಣ. ನೀರು ಹಾಕಿ ಉದ್ಘಾಟನೆ."

"ಸಾರ್, ಅದಕ್ಕೆ ಮ್ಯಾಲಿಂದ ನೀರು ಹಾಕಂಗಿಲ್ಲ."

"ನೀರು ಹಾಕಂಗಿಲ್ಲದ ಗಿಡ ಯಾವುದಮ್ಮ ಲೋಕದಾಗೆ?"

"ಬೇರಿಲ್ಲ ಸಾರ್ ಅದಕ್ಕೆ. ಒಂದು ತಂಬಿಗೆ ಹಾಕಿದ್ರೆ ಕೊಚ್ಕಂಡು ಹೋಗ್ತೈತೆ. ಇರೋದೇ ಒಂದು ಕುಂಡ. ಬೇರೆ ಏನಾನ ಇಡಾಣ ಸಾರ್."

ಪ್ರಿನ್ಸಿಪಾಲರು ಶಿಲ್ಪಾ ಮೇಡಂ ಕಡೆ ತಿರುಗಿದರು. "ಏನಮ್ಮ ಶಿಲ್ಪಾ? ನಿಮ್ಮ ವಿಭಾಗಕ್ಕೇ ಹೆಸರು ಬರೋದು."

ಮೇಡಂ, "ಸರ್, ಅದು ಸ್ವಲ್ಪ ಸೂಕ್ಷ್ಮ..." ಎಂದರು. ಅಷ್ಟೇ. ಅತಿಥಿ ಉಪನ್ಯಾಸಕರನ್ನು ವರ್ಷ ವರ್ಷ ಹೊಸದಾಗಿ ತೆಗೆದುಕೊಳ್ಳುತ್ತಾರೆ, ಆ ಪಟ್ಟಿಗೆ ಸಹಿ ಹಾಕುವವರು ಎದುರಿಗೇ ನಿಂತಿದ್ದರು. ನನಗೆ ಅದು ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ಮೇಡಂ ಮೇಲೆ ಕೆಂಡದಂಥ ಸಿಟ್ಟು ಬಂತು.

"ಗೆಸ್ಟು ಯಾರು ಸಾರ್?" ಎಂದೆ.

"ವೀರೇಶ್ ಅವರು. ನಮ್ಮ ಸಭಾಂಗಣಕ್ಕೆ ಕುರ್ಚಿ ಕೊಡಿಸಿದೋರು."

ನನ್ನ ಮೈಯೆಲ್ಲ ಉರಿದುಹೋಯಿತು. ಹಾಸುಬಂಡೆ ಮುಚ್ಚಿದ ಕೈಯಲ್ಲೇ ಈ ಕುಂಡಕ್ಕೆ ನೀರು! ಕೊಂದವನ ಕೈಲೇ ತಿಥಿ ಮಾಡಿಸಿದ ಹಾಗೆ. ಹಾಗೆಂದು ಹೇಳಿಯೂ ಬಿಟ್ಟೆ. ಪ್ರಿನ್ಸಿಪಾಲರು ಗಾಬರಿಯಾಗಿ ಬಾಗಿಲ ಕಡೆ ನೋಡಿದರು.

"ಮೆಲ್ಲಕೆ ಮಾತಾಡಮ್ಮ! ಸರಿ, ನಿನ್ನ ಮಾತೇ ಆಗ್ಲಿ. ಸುರಿಯಲ್ಲ. ಒಬ್ಬೊಬ್ಬರು ಬೆರಳದ್ದಿ, ಕುಂಡದ ಅಂಚಿಗೆ ಒಂದೊಂದು ಹನಿ. ನಾನೇ ಪಕ್ಕದಾಗೆ ನಿಂತಿರ್ತೀನಿ. ನನ್ನ ಮಾತಿನ ಮ್ಯಾಲೆ ನಂಬಿಕೆ ಇಲ್ವಾ?"

ಇಷ್ಟು ವರ್ಷ ನಾನು ಸಲಾಮು ಹೊಡೆದ ಮನುಷ್ಯನೇ ನಂಬಿಕೆ ಇಲ್ಲವಾ ಎಂದು ಕೇಳಿದರೆ ಏನು ಹೇಳುವುದು? ನಂಬಿದೆ. ಮಾರನೆಯ ದಿನ ತಂಬಿಗೆಗೆ ನಾನೇ ಫಿಲ್ಟರ್ ನೀರು ತುಂಬಿದೆ. ನಿರೂಪಣೆ ಮಾಡುವ ಮೇಷ್ಟ್ರಿಗೆ, "ಒಂದೊಂದೇ ಹನಿ ಅಂತ ಮೈಕ್‌ನಾಗೆ ಹೇಳ್ರಿ" ಎಂದು ಎರಡು ಸಲ ಹೇಳಿಬಂದೆ. ಕುಂಡವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ನನ್ನ ಕೈಯಾರೆ ವೇದಿಕೆಗೆ ಹೊತ್ತುಕೊಂಡು ಹೋದೆ. ಯಾರೋ ಆಗಲೇ ಕುಂಡಕ್ಕೆ ಕುಂಕುಮ ಬಳಿದು, ಕೊರಳಿಗೆ ಸೇವಂತಿಗೆ ಹಾರ ಸುತ್ತಿದರು.

ಮೇಷ್ಟ್ರು ಮೈಕಿನಲ್ಲಿ ಹೇಳಿದ್ದು, "ಹುಳುಗಳನ್ನು ತಿನ್ನುವ ಭಯಂಕರ ಸಸ್ಯಕ್ಕೆ ಗಣ್ಯರು ಇದೀಗ ನೀರೆರೆಯಲಿದ್ದಾರೆ" ಎಂದು.

ವೀರೇಶ್ ಎದ್ದು ಬಂದು ಬಗ್ಗಿ ನೋಡಿದರು. "ಎಲ್ರೀ, ಗಿಡಾನೇ ಕಾಣ್ತಿಲ್ಲ! ಬಾಯೆಲ್ಲೈತೆ ಇದಕ್ಕೆ?" ಎಂದರು. ಸಭೆ ನಕ್ಕಿತು. ಪ್ರಿನ್ಸಿಪಾಲರೂ ನಕ್ಕರು. ನಗುತ್ತಲೇ ವೀರೇಶ್ ತಂಬಿಗೆ ಎತ್ತಿ, ಗಳಗಳನೆ, ಕುಂಡದ ನಡುಮಧ್ಯಕ್ಕೆ ಸುರಿದರು. ಫೋಟೋ ತೆಗೆಯುವವನು, "ಸಾರ್, ಇನ್ನೊಂದ್ಸಲ, ಈ ಕಡೆ ನೋಡಿ" ಎಂದ. ಅವರು ಇನ್ನೊಂದು ಸಲ ಸುರಿದರು. ತಂಬಿಗೆ ಖಾಲಿಯಾಯಿತು. ಯಾರೋ ಓಡಿಹೋಗಿ ನಲ್ಲಿಯಿಂದ ತುಂಬಿಕೊಂಡು ಬಂದರು. ಎರಡನೆಯವರು ಸುರಿದರು. ಮೂರನೆಯವರು, ನಾಲ್ಕನೆಯವರು. ಐದನೆಯವರು ಪ್ರಿನ್ಸಿಪಾಲರು. ಪಕ್ಕದಲ್ಲೇ ನಿಂತಿರುತ್ತೇನೆ ಎಂದಿದ್ದರಲ್ಲ, ನಿಂತಿದ್ದರು. ತಮ್ಮ ಪಾಲಿನದನ್ನೂ ಸುರಿದರು. ಕಂಡೋರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ.

ಕುಂಡ ಉಕ್ಕಿತು. ಮರಳು, ಅದರೊಡನೆ ನನ್ನ ಹಸಿರು ಎಲೆಗಳು, ಕೂದಲೆಳೆಗಳು, ಎಲ್ಲ ಕುಂಕುಮದ ನೀರಿನಲ್ಲಿ ತೇಲಿ ತಟ್ಟೆಗೆ ಬಂದು, ತಟ್ಟೆ ತುಂಬಿ ಮೇಜಿಗೆ, ಮೇಜಿನಿಂದ ಕೆಳಗಿನ ರತ್ನಗಂಬಳಿಗೆ ಸೋರತೊಡಗಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಶಿಲ್ಪಾ ಮೇಡಂ ತಲೆ ತಗ್ಗಿಸಿದ್ದರು. ಸಭೆ ಚಪ್ಪಾಳೆ ತಟ್ಟಿತು.

ನಾನು ವೇದಿಕೆ ಹತ್ತಿದೆ. ಹೆಗಲ ಮೇಲೆ ಒಗೆದ ಬಿಳಿ ಬಟ್ಟೆಯಿತ್ತು. ತಟ್ಟೆ ಒರೆಸಿದೆ, ಮೇಜು ಒರೆಸಿದೆ, ಮಂಡಿಯೂರಿ ಗಂಬಳಿ ಒತ್ತಿದೆ.

"ಆಮೇಲೆ ಒರೆಸಮ್ಮ, ಫೋಟೋಗೆ ಅಡ್ಡ ಬರ್ತೀಯ" ಎಂದು ಪ್ರಿನ್ಸಿಪಾಲರು ಹಲ್ಲು ಕಚ್ಚಿ ಹೇಳಿದರು.

ನಾನು ಕೇಳಲಿಲ್ಲ. ಮರುದಿನದ ಪೇಪರಿನಲ್ಲಿ ವೀರೇಶ್ ತಂಬಿಗೆ ಹಿಡಿದು ನಗುತ್ತಿದ್ದಾರೆ, ಚಿತ್ರದ ಮೂಲೆಯಲ್ಲಿ ಒಂದು ಮೊಣಕೈ ಇದೆ. ಅದು ನನ್ನದು.

ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಪರಾತದಲ್ಲಿ ಬಂಡೆಯ ಮರಳು ಹರಡಿ, ಫಿಲ್ಟರ್ ನೀರಿನಲ್ಲಿ ಆ ಬಟ್ಟೆಯನ್ನು ಮೆಲ್ಲಗೆ ಅಲುಬಿ, ಕುಂಕುಮದ ನೀರು ಬಸಿದು, ಮತ್ತೆ ಅಲುಬಿ, ಬಟ್ಟೆಗೆ ಅಂಟಿದ್ದನ್ನೆಲ್ಲ ಮರಳಿನ ಮೇಲೆ ಇಳಿಸಿದೆ. ಅಳು ಬರುತ್ತಿತ್ತು, ಅತ್ತೆ. ಮೇಡಂ ಬಂದು ಬಾಗಿಲು ತಟ್ಟಿದರು. ತೆಗೆದೆ.

"ನಾನು ಮಾತಾಡಬೇಕಿತ್ತು ಬೋರಕ್ಕ" ಎಂದರು. ಅವರೂ ಅತ್ತಿದ್ದರು.

"ಹೌದು, ಮಾತಾಡಬೇಕಿತ್ತು" ಎಂದೆ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಅವರು ಭೂತಗನ್ನಡಿ ತಂದು ಪರಾತದ ಮೇಲೆ ಬಗ್ಗಿದರು. ಸುಮಾರು ಹೊತ್ತು ನೋಡಿ, "ಎಳೆ ಹರಿದ್ರೂ ಇದು ಸಾಯಲ್ಲ. ಒಂದು ತುಂಡು ಉಳಿದ್ರೂ ಅಲ್ಲಿಂದ್ಲೇ ಚಿಗುರಬಹುದು" ಎಂದರು.

ಆ ಪರಾತಕ್ಕೆ ನಾನು ಬಾಣಂತಿ ಕೋಣೆಯ ಕಾವಲು ಕಾದೆ. ಹಗಲು ಕಿಟಕಿಯ ಬೆಳಕು, ಸಂಜೆ ಮೇಲೊಂದು ಸೊಳ್ಳೆಪರದೆಯ ತುಂಡು. ಬೀಗದ ಕೈ ಯಾರಿಗೂ ಕೊಡಲಿಲ್ಲ. ಕ್ಯಾತಪ್ಪಣ್ಣ ಮಾತ್ರ ದಿನಾ ಫಿಲ್ಟರಿನಿಂದ ಒಂದು ಕ್ಯಾನ್ ನೀರು ಹೊತ್ತು ತಂದು ಹೊಸ್ತಿಲ ಆಚೆ ಇಟ್ಟು, "ನಾನು ಒಳಗೆ ಬರಲ್ಲ ಕಣವ್ವ" ಎಂದು ಹೇಳಿ ಹೋಗುತ್ತಿದ್ದ. ಹತ್ತೊಂಬತ್ತನೆಯ ದಿನ ಒಂದು ಮೂಲೆಯಲ್ಲಿ ಹಸಿರು ಕಂಡಿತು. ನವೆಂಬರ್ ಕೊನೆಗೆ ಎರಡು ಕಡ್ಡಿ ಎದ್ದವು, ಎರಡು ಹೂ ಬಿಟ್ಟವು. ಅದೇ ನೀಲಿ. ನಾನು ಮೂಗನ್ನು ಹತ್ತಿರ ತಂದು ನೋಡಿದೆ, ಮುಟ್ಟಲಿಲ್ಲ. ಮೇಡಂ ಅಳತೆ ತೆಗೆದು, ಚಿತ್ರ ಬರೆದು, ಫೋಟೋಗಳನ್ನು ತಮ್ಮ ಗುರುಗಳಿಗೆ ಕಳಿಸಿದರು.

ಸುದ್ದಿ ಕೇಳಿ ಪ್ರಿನ್ಸಿಪಾಲರು ಬಂದರು. ಹೂ ನೋಡಿದರು. ಮುಖ ಅರಳಿತು.

"ನೋಡಿದ್ಯೇನಮ್ಮ ಬೋರಕ್ಕ! ನೀನು ಅವತ್ತು ಎಷ್ಟು ಹಾರಾಡಿದೆ! ವೀರೇಶ್ ಅವರ ಕೈಗುಣ ನೋಡು, ಎರಡೇ ತಿಂಗಳಿಗೆ ಹೂವಾಯ್ತು!"

ತಮಾಷೆಗೆ ಹೇಳಿದರೆಂದುಕೊಂಡೆ. ತಮಾಷೆಯಲ್ಲ. ಸಂಜೆಯೊಳಗೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂತು, ಎರಡು ದಿನಕ್ಕೆ ಪೇಪರಿನಲ್ಲೂ ಬಂತು. ಗಣ್ಯರು ನೀರೆರೆದ ಅಪರೂಪದ ಸಸ್ಯ ಹೂ ಬಿಟ್ಟಿದೆಯಂತೆ. ವೀರೇಶ್ ಅವರ ಕೈಗುಣಕ್ಕೆ ಎಲ್ಲೆಡೆ ಮೆಚ್ಚುಗೆಯಂತೆ.

ಕೈಗು‌ಣ! ಐವತ್ತು ವರ್ಷ ಕಂಡವರ ಹೊಲಕ್ಕೆ ಎಳ್ಳು ಉದುರಿಸಿದ ನಮ್ಮವ್ವನ ಮೂರು ಬೆರಳಿಗೆ ಇದ್ದ ಮಾತು ಅದು. ಹೊಲ ಉಳ್ಳವರು ನಮ್ಮಂಥವರ ಗುಡಿಸಲಿಗೆ ಬಂದು ಕರೆಯುವ ಹಾಗೆ ಮಾಡಿದ್ದ ಒಂದೇ ಒಂದು ಮಾತು. ಅದನ್ನೂ ಎತ್ತಿಕೊಂಡು ಹೋಗಿ ಆ ವೀರೇಶ್ ಕೊರಳಿಗೆ ಹಾಕಿದರಲ್ಲ! ಬಂಡೆ ಹೋದಾಗ ಹೊಟ್ಟೆ ಉರಿದಿತ್ತು. ಇದು ಅದಕ್ಕಿಂತ ಹೆಚ್ಚು ಉರಿಯಿತು.

ಡಿಸೆಂಬರಿನಲ್ಲಿ ಕಾಯಿ ಒಣಗಿ, ಕಾಗದದ ಮೇಲೆ ಒಂದು ಚಿಟಿಕೆ ದೂಳು ಬಿತ್ತು. ಒಂದು ವರ್ಷದ ಗಿಡ ಅದು, ಬೀಜ ಕೊಟ್ಟು ತಾನು ಒಣಗುತ್ತದೆ. ಅರ್ಧ ಬೀಜವನ್ನು ಮೇಡಂ ಪೊಟ್ಟಣ ಕಟ್ಟಿ ತಮ್ಮ ಮನೆಯ ಫ್ರಿಜ್ಜಿನಲ್ಲಿಟ್ಟರು. ಇನ್ನರ್ಧವನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡು ಸಿದ್ದಾಪುರಕ್ಕೆ ಹೋದೆ. ಗುಡ್ಡದ ಆ ಕಡೆ ಇನ್ನೊಂದು ಸಣ್ಣ ಹಾಸು ಇದೆ, ಅಲ್ಲೂ ಮಳೆಗಾಲಕ್ಕೆ ನೀರು ಒಸರುತ್ತದೆ. ದಾರಿ ಇಲ್ಲ, ಹಾಗಾಗಿ ಬೆಂಚು ಹಾಕುವವರೂ ಬರುವುದಿಲ್ಲ.

"ಏಮೇ ಬೋರಿ, ಇಷ್ಟು ಚೂರು ಬೀಜಕ್ಕೆ ನನ್ನ ಗುಡ್ಡ ಹತ್ತಿಸ್ತೀಯೇನೇ?" ಎಂದಳು ತಮ್ಮನ ಮನೆಯಲ್ಲಿದ್ದ ಮುದಿ ಅವ್ವ.

"ನಿನ್ನ ಕೈಲೇ ಆಗ್ಬೇಕವ್ವ" ಎಂದೆ.

ತಮ್ಮ ಆಟೋದಲ್ಲಿ ಬುಡದವರೆಗೆ ಬಿಟ್ಟ. ಅಲ್ಲಿಂದ ನನ್ನ ಹೆಗಲು ಹಿಡಿದು ಹತ್ತಿದಳು. ಬಂಡೆಯ ಮೇಲೆ ಕೂತು, ಬೀಜಕ್ಕೆ ಮರಳು ಬೆರೆಸಿ, ಮೂರು ಬೆರಳಲ್ಲಿ ಎತ್ತಿ, ಬಿರುಕಿನ ಉದ್ದಕ್ಕೂ ಉದುರಿಸಿದಳು. ಬೀಜ ಸಮನಾಗಿ ಬಿತ್ತು. "ಇನ್ನು ಮಳೆಗೆ ಬಿಟ್ಟಿದ್ದು" ಎಂದು ಕೈ ಕೊಡವಿಕೊಂಡಳು.

ಜನವರಿಯಲ್ಲಿ ಕಾಲೇಜಿನ ವಾರ್ಷಿಕೋತ್ಸವ. ಪ್ರಿನ್ಸಿಪಾಲರು ಕರೆಸಿದರು. "ಬೋರಕ್ಕ, ವೀರೇಶ್ ಅವರಿಗೆ ಪರಿಸರ ಪ್ರೇಮಿ ಅಂತ ಸನ್ಮಾನ ಐತೆ. ಆ ಹೂವಿನ ಗಿಡ ವೇದಿಕೆಗೆ ತರಬೇಕು ನೀನು."

"ಆಯ್ತು ಸಾರ್, ತರ್ತೀನಿ" ಎಂದೆ. ಅವರಿಗೆ ಆಶ್ಚರ್ಯವಾಯಿತು. ಇಷ್ಟು ಬೇಗ ಒಪ್ಪುತ್ತೇನೆ ಅಂದುಕೊಂಡಿರಲಿಲ್ಲ.

ಶಾಲು ಹೊದಿಸಿ, ಪೇಟ ತೊಡಿಸಿ ಆದ ಮೇಲೆ ಮೇಷ್ಟ್ರು ನನ್ನನ್ನು ಕರೆದರು. ನಾನು ಹಿತ್ತಾಳೆ ತಟ್ಟೆಯಲ್ಲಿ ಕುಂಡ ಹೊತ್ತು ಹತ್ತಿದೆ. ವೀರೇಶ್ ಮುಂದೆ ಮೇಜಿನ ಮೇಲಿಟ್ಟು, ಫಿಲ್ಟರ್ ನೀರಿನ ತಂಬಿಗೆಯನ್ನು ಅವರ ಕೈಗೆ ಕೊಟ್ಟೆ. ಅವರು ಬಗ್ಗಿ ನೋಡಿದರು. ಕುಂಡದಲ್ಲಿ ಇದ್ದದ್ದು ಒಣ ಮರಳು, ಅಷ್ಟೇ.

"ಎಲ್ಲಮ್ಮ ಗಿಡ?" ಎಂದರು.

ಮೈಕು ಹತ್ತಿರದಲ್ಲೇ ಇತ್ತು. ಸೆಪ್ಟೆಂಬರಿನಲ್ಲಿ ಮುಚ್ಚಿಕೊಂಡಿದ್ದ ಬಾಯಿ ಈಗ ತೆರೆಯಿತು.

"ಅದು ಬೆಳೀತಿದ್ದ ಬಂಡೆ ನಿಮ್ಮ ಕಾಂಕ್ರೀಟ್ ಕೆಳಗೈತೆ ಸಾರ್. ಅವತ್ತು ಇದ್ದಿದ್ದು ಒಂದೇ ಕುಂಡ, ಅದನ್ನ ನೀವೆಲ್ಲ ನೀರು ಹಾಕಿ ತೊಳೆದ್ರಿ. ಗಂಬಳಿ ಒರೆಸಿದ ಬಟ್ಟೆಯಿಂದ ಅದನ್ನ ಎಬ್ಬಿಸಿದೋಳು ನಾನು. ಹೋಗ್ಲಿ ಬಿಡ್ರಿ, ಕೈಗುಣ ನಿಮ್ದೇ ಅಂತ ಪೇಪರ್‌ನಾಗೆ ಬಂದೈತಲ್ಲ. ಮರಳು ಇಲ್ಲೈತೆ, ನೀರು ನಿಮ್ಮ ಕೈಯಾಗೈತೆ. ಹಾಕ್ರಿ ಸಾರ್. ಹೆಂಗೆ ಬೆಳೆಸ್ತೀರ, ನಾನೂ ನೋಡ್ತೀನಿ."

ಮುಂದಿನ ಸಾಲಿನಲ್ಲಿ ಶಿಲ್ಪಾ ಮೇಡಂ ಎದ್ದು ನಿಂತರು. "ಬೋರಕ್ಕ ಹೇಳ್ತಿರೋದು ನಿಜ ಸರ್" ಎಂದರು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಫೋಟೋ ತೆಗೆಯುವವನಿಗೆ ಅಭ್ಯಾಸಬಲ. "ಸಾರ್, ಸ್ವಲ್ಪ ಈ ಕಡೆ ನೋಡಿ" ಎಂದ. ವೀರೇಶ್ ಆ ಕಡೆ ನೋಡಲಿಲ್ಲ. ತುಂಬಿದ ತಂಬಿಗೆ ಹಿಡಿದು ಒಣ ಮರಳನ್ನೇ ನೋಡುತ್ತಾ ನಿಂತಿದ್ದರು.